1,200 ಚದರಡಿ ಮನೆಗೆ 2,000 ಚದರಡಿ ಶೀಟು

ಏಪ್ರಿಲ್ ಮುಗಿಯುತ್ತಾ ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. "ಹೆಂಚು ತೆಗೆದು ಶೀಟು ಹಾಕಿಸ್ಬೇಕು, ಮನೆ 1,200 ಚದರಡಿ, ಎಷ್ಟು ಶೀಟು ಬೇಕಾಗುತ್ತೆ?" ಗೋಡೆಯಿಂದ ಸೂರು ಎಷ್ಟಡಿ ಹೊರಗಿದೆ, ಮಾಡು, ಅಂದರೆ ಚಾವಣಿ, ಎಷ್ಟು ಏರಿದೆ ಅಂತ ನಾನು ತಿರುಗಿ ಕೇಳಿದರೆ ಆ ಕಡೆ ಸದ್ದಿಲ್ಲ. ನೆಲದ ಅಳತೆ ಎಲ್ಲರಿಗೂ ಬಾಯಿಪಾಠ, ಮಾಡಿನ ಅಳತೆ ಯಾರಿಗೂ ಗೊತ್ತಿಲ್ಲ.

ಒಂದು ಲೆಕ್ಕ ಮಾಡಿಯೇ ನೋಡೋಣ. ಮನೆ 30 ಅಡಿ ಅಗಲ, 40 ಅಡಿ ಉದ್ದ, ಎರಡೂ ಕಡೆ ಇಳಿಜಾರು. ಮಾಡಿನ ನೆತ್ತಿಯ ನೇರದಿಂದ ಗೋಡೆಗೆ, ಮಟ್ಟಸವಾಗಿ ಅಳೆದರೆ, 15 ಅಡಿ. ಶಿವಮೊಗ್ಗ ಪೇಟೆಯಲ್ಲಿ ಒಂದೂವರೆ ಅಡಿ ಸೂರು ಬಿಟ್ಟರೂ ನಡೆದೀತು. ಆಗುಂಬೆ ಕಡೆ ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಸುರಿಯುವಲ್ಲಿ ಮೂರಡಿ ಇಲ್ಲದಿದ್ದರೆ ಎರಚಲು ಜಗಲಿ ದಾಟಿ ಒಳಗೇ ಬರುತ್ತದೆ. ಅಲ್ಲಿಗೆ 18 ಅಡಿ. ಎರಡಡಿಗೆ ಒಂದಡಿ ಏರು ಇಟ್ಟುಕೊಂಡರೆ 18ಕ್ಕೆ 9. ಶಾಲೆಯಲ್ಲಿ ಕಲಿತ ಲಂಬಕೋನ ತ್ರಿಭುಜ ಕೆಲಸಕ್ಕೆ ಬರುವುದು ಇಲ್ಲೇ: 324ಕ್ಕೆ 81 ಕೂಡಿಸಿ, 405ರ ವರ್ಗಮೂಲ 20.1. ಸೂರಿನಂಚಿಗೆ ಕಟ್ಟಿದ ದಂಬೆಯೊಳಗೆ ಮಳೆನೀರು ಬೀಳಲು ನಾಲ್ಕೈದು ಇಂಚು ಸೇರಿಸಿದರೆ ಶೀಟಿನ ಉದ್ದ ಇಪ್ಪತ್ತೂವರೆ ಅಡಿ.

ಈಗ ಎಷ್ಟು ಶೀಟು? ಉದ್ದ 40 ಅಡಿಗೆ ಎರಡೂ ತುದಿಯಲ್ಲಿ ಎರಡೆರಡಡಿ ಚಾಚು ಸೇರಿ 44. ಅಂಗಡಿಯವರು ಶೀಟಿನ ಅಗಲ ಮೂರೂವರೆ ಅಡಿ ಅನ್ನುತ್ತಾರೆ. ಸುಳ್ಳಲ್ಲ, ಟೇಪ್ ಹಿಡಿದರೆ ಸುಮಾರು 1,070 ಮಿಲಿಮೀಟರ್ ಇರುತ್ತದೆ. ಆದರೆ ಒಂದರ ಅಂಚಿನ ಏಣು, ಅಂದರೆ ಉಬ್ಬಿದ ಗೆರೆ, ಇನ್ನೊಂದರ ಮೇಲೆ ಕೂತ ಮೇಲೆ ಮುಚ್ಚುವುದು ಒಂದು ಮೀಟರ್ ಮಾತ್ರ, ಅಂದರೆ 3.28 ಅಡಿ. ಮೂರೂವರೆಯಿಂದ ಭಾಗಿಸಿದವನಿಗೆ ಪಕ್ಕಕ್ಕೆ 13 ಶೀಟು, ಸರಿಯಾಗಿ ಭಾಗಿಸಿದವನಿಗೆ 14. ಎರಡೂ ಪಕ್ಕ ಸೇರಿ 28. ಬಿಲ್ ಮಾತ್ರ ಪೂರ್ತಿ ಅಗಲಕ್ಕೇ: 28 × 20.5 × 3.5, ಅಂದರೆ 2,009 ಚದರಡಿ. ಮೋಸ ಮಾಡಿದರು ಅಂತ ಅಂಗಡಿಯವರ ಮೇಲೆ ಜಗಳಕ್ಕೆ ಹೋದವರನ್ನು ನೋಡಿದ್ದೇನೆ.

ಬೇರೆಯವರ ಮಾತೇಕೆ, ನಾನೇ ಎಡವಿದ್ದೇನೆ. ಈ ಕೆಲಸಕ್ಕೆ ಇಳಿದ ಎರಡನೇ ವರ್ಷ, ತೀರ್ಥಹಳ್ಳಿ ತಾಲ್ಲೂಕಿನ ಒಂದು ತೋಟದ ಮನೆ. ಏಣಿ ಹತ್ತುವ ಸೋಮಾರಿತನಕ್ಕೆ ಅಂಗಳದಲ್ಲೇ ನಿಂತು ಅಳತೆ ಹಿಡಿದೆ. ಶೀಟು ಬಂತು, ನೆತ್ತಿಗೆ ಕೂರಿಸಿದರೆ ಸೂರಿನಲ್ಲಿ ಎರಡಡಿ ಕಮ್ಮಿ. ಹೆಂಚೆಲ್ಲ ಇಳಿಸಿಯಾಗಿತ್ತು, ಮೃಗಶಿರ ಮಳೆಗೆ ನಾಲ್ಕು ದಿನ. ಸಿಕ್ಕ ಬಣ್ಣದ ತುಂಡು ತಂದು ಕೆಳಗೆ ತೂರಿಸಿದೆ. ಇಂದಿಗೂ ಆ ಹಸಿರು ಮಾಡಿಗೆ ನೀಲಿ ಅಂಚು. ಮನೆ ಯಜಮಾನರು ಏನೂ ಅನ್ನಲಿಲ್ಲ, ಕಾಫಿ ಕೊಟ್ಟು ಕಳಿಸಿದರು. ಅದೇ ಹೆಚ್ಚು ಚುಚ್ಚಿತು. ಈಗ ಹಳೇ ಮಾಡಿದ್ದರೆ ನಾನೇ ಹತ್ತಿ, ನೆತ್ತಿಯಿಂದ ಸೂರಿಗೆ ಟೇಪ್ ಬಿಡುತ್ತೇನೆ. ಎರಡೂ ತುದಿಯಲ್ಲಿ, ನಡುವೆಯೂ ಒಮ್ಮೆ. ಹಳೇ ಮನೆಗಳ ಗೋಡೆ ಮೂಲೆಮಟ್ಟಕ್ಕೆ ಇರುವುದು ಅಪರೂಪ. ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆದು ವ್ಯತ್ಯಾಸ ಬಂದರೆ, ಶೀಟಿನ ತುದಿ ಮೆಟ್ಟಿಲಾಗದಂತೆ ಉದ್ದದಲ್ಲೇ ಸರಿದೂಗಿಸಬೇಕು.

ಇಪ್ಪತ್ತಡಿ ಶೀಟು ಬರೆದುಕೊಳ್ಳುವ ಮೊದಲು ಇನ್ನೊಂದು ನೋಡಿ: ಅದು ಮನೆವರೆಗೆ ಬರುತ್ತದಾ? ಉಣುಗೋಲಿನ (ಅಡ್ಡಗಳುವಿನ ಗೇಟು) ಹತ್ತಿರ ದಾರಿ ತಿರುಗುವಲ್ಲಿ ಗಾಡಿ ಸಿಕ್ಕಿಬಿದ್ದರೆ ಹೊತ್ತೇ ತರಬೇಕು, ಹೊರುವಾಗ ನಡುವೆ ಬಾಗಿದರೆ ಆ ಮಡಿಕೆ ಮತ್ತೆ ಹೋಗುವುದಿಲ್ಲ. ಎರಡು ತುಂಡು ಮಾಡಿಸಿದರೆ ಒಂದರ ಮೇಲೊಂದು ಒಂಬತ್ತು ಇಂಚು ಕೂರಬೇಕು. 28 ಸಾಲಿಗೆ 21 ಅಡಿ ಉದ್ದ ಹೆಚ್ಚು, ಸೋರಲು ಒಂದು ಜಾಗವೂ ಹೆಚ್ಚು. ಆದಷ್ಟೂ ಒಂದೇ ತುಂಡು ನನ್ನ ಆಯ್ಕೆ.

ನಾಲ್ಕೂ ಕಡೆ ಇಳಿಜಾರಿನ ಮಾಡು ನೋಡಲು ಚೆಂದ. ಏರು, ಸೂರು ಒಂದೇ ಇದ್ದರೆ ಮುಚ್ಚುವ ಜಾಗವೂ ಅಷ್ಟೇ, ಆದರೆ ಶೀಟು ಜಾಸ್ತಿ ಹೋಗುತ್ತದೆ. ಓರೆಯಾಗಿ ಕತ್ತರಿಸಿ ಉಳಿದ ತ್ರಿಕೋನವನ್ನು ಇನ್ನೊಂದು ಮೂಲೆಗೆ ಹಾಕಬಹುದಲ್ಲ ಎನ್ನುತ್ತಾರೆ. ತಲೆಕೆಳಗು ತಿರುಗಿಸಿದರೆ ಅಡಿಗೆ ಹೋಗಬೇಕಾದ ಏಣು ಎದುರು ಪಕ್ಕಕ್ಕೆ ಬರುತ್ತದೆ, ಮಗುಚಿದರೆ ಬಣ್ಣದ ಮುಖ ಕೆಳಗಾಗುತ್ತದೆ. ಹಾಗಾಗಿ ಆ ತುಂಡುಗಳು ಬಹುಪಾಲು ಕೊಟ್ಟಿಗೆಗೇ.

ಸಣ್ಣ ಸಾಮಾನು ಬೇಗ ಹೇಳಿಬಿಡುತ್ತೇನೆ. ಹತ್ತಡಿಯ ನೆತ್ತಿ ಪಟ್ಟಿ ಐದು. ಶೀಟಿನ ಕೆಳಗೆ ಮೂರೂವರೆ ಅಡಿಗೊಂದು ಅಡ್ಡ ಪೈಪಿನಂತೆ ಇಳಿಜಾರಿಗೆ ಏಳು ಪೈಪು, ಪ್ರತಿ ಪೈಪಿಗೂ ಶೀಟೊಂದಕ್ಕೆ ನಾಲ್ಕು ಸ್ಕ್ರೂ, ಒಟ್ಟು 784. ಪಕ್ಕದ ಜೋಡಣೆಗೂ ಸೇರಿ ಸಾವಿರ ತರಿಸಿ. ಅಡುಗೆಮನೆಗೆ ಬೆಳಕಿನ ಶೀಟು ಬೇಕಿದ್ದರೆ ಅದೇ ಏಣಿನದ್ದು ಹುಡುಕಿ, 28ರಲ್ಲೇ ಅದನ್ನೂ ಎಣಿಸಿ. ಗಾಳಿ ಪಡುವಣದಿಂದ ಬೀಸುವಲ್ಲಿ ಮೂಡಣ ತುದಿಯಿಂದ ಹೊದಿಸುತ್ತಾ ಬನ್ನಿ, ಆಗ ಮೇಲಿನ ಶೀಟಿನ ಅಂಚು ಗಾಳಿಗೆ ಬೆನ್ನು ಹಾಕಿರುತ್ತದೆ.

28 ಬೇಕಿದ್ದಲ್ಲಿ ನಾನು 29 ಬರೆಯುತ್ತೇನೆ. ಮನೆಯವರು ಗೊಣಗುತ್ತಾರೆ. ಆದರೆ ಮುಂದಿನ ಆಷಾಢದಲ್ಲಿ ಅಡಿಕೆ ಮರವೊಂದು ಮಾಡಿಗೆ ಒರಗಿದರೆ, ಅದೇ ಬಣ್ಣ, ಅದೇ ಏಣಿನ ಶೀಟು ಅಟ್ಟದ ಮೇಲೆ ಇರುತ್ತದೆ.