ಬಳ್ಳಾರಿ ಬಿಸಿಲಿಗೆ ಒದಗುವ ಮೇಕಪ್ ಕಿಟ್

ಮೇಕಪ್ ತರಬೇತಿ ಮುಗಿಸಿ ಸ್ವಂತವಾಗಿ ಮದುವೆ ಕೆಲಸ ಹಿಡಿಯಲು ಹೊರಟ ಹೆಣ್ಣುಮಕ್ಕಳು ಮುಖಕ್ಕೆ ಮೊದಲು ಬಳಿಯುವ ಮೈಬಣ್ಣದ ಫೌಂಡೇಶನ್ ಯಾವ ಕಂಪನಿಯದು ಕೊಳ್ಳಬೇಕು ಎಂದು ನನ್ನನ್ನು ಕೇಳುತ್ತಾರೆ. ನಿಮ್ಮ ಮೊದಲ ಮದುವೆ ಯಾವ ತಿಂಗಳಲ್ಲಿದೆ, ಯಾವ ಊರಿನಲ್ಲಿ, ಮುಹೂರ್ತ ಎಷ್ಟು ಗಂಟೆಗೆ ಎಂದು ನಾನು ಅವರನ್ನು ಮರಳಿ ಕೇಳುತ್ತೇನೆ. ಬಳ್ಳಾರಿ, ಸಿರುಗುಪ್ಪ, ಸಿಂಧನೂರು, ಗಂಗಾವತಿ ಕಡೆಯಲ್ಲಿ ಯುಗಾದಿ ಕಳೆದ ಮೇಲೆ, ಬಸವ ಜಯಂತಿ ಮತ್ತು ಅಕ್ಷಯ ತೃತೀಯದ ಆಸುಪಾಸಿನಲ್ಲಿ ಮದುವೆಗಳು ಒತ್ತೊತ್ತಾಗಿ ಬರುತ್ತವೆ. ಬಿಸಿಲು 40 ಡಿಗ್ರಿ ದಾಟುವ ದಿನಗಳೂ ಅವೇ. ಕಿಟ್ಟಿಗೆ ಸೇರಿಸುವ ಒಂದೊಂದು ಡಬ್ಬಿಯೂ ಆ ಬಿಸಿಲನ್ನು, ನಮ್ಮ ಜನರ ಮೈಬಣ್ಣವನ್ನು, ನಮ್ಮ ಮದುವೆಯ ಶಾಸ್ತ್ರಗಳನ್ನು ತಾಳಿಕೊಳ್ಳುವಂತಿರಬೇಕು. ಬೇರೆ ಹವೆಯಲ್ಲಿ ಕೆಲಸ ಮಾಡುವವರ ವಿಡಿಯೊ ನೋಡಿ ಪಟ್ಟಿ ಮಾಡಿ ತರಿಸಿದ ಕಿಟ್ಟಿನಲ್ಲಿ ಅರ್ಧ ವಸ್ತುಗಳು ಮುಚ್ಚಳ ತೆರೆಯದೆಯೇ ಅವಧಿ ಮೀರುವುದನ್ನು ನಾನು ಸಾಕಷ್ಟು ಕಂಡಿದ್ದೇನೆ.

ಮೊದಲ ಹಣವನ್ನು ಬಣ್ಣಗಳಿಗಿಂತ ಮುಂಚೆ ಶುಚಿತ್ವದ ಸಾಮಾನಿಗೆ ತೆಗೆದಿಡಿ ಎಂಬುದು ನನ್ನ ಖಚಿತ ಸಲಹೆ. ಶೇಕಡಾ 70ರ ಐಸೊಪ್ರೊಪೈಲ್ ಆಲ್ಕೊಹಾಲ್, ಅದನ್ನು ತುಂಬಿಡಲು ಸ್ಪ್ರೇ ಬಾಟಲಿ, ಬಣ್ಣ ಬೆರೆಸಲು ಒಂದು ಸ್ಟೀಲ್ ಪ್ಯಾಲೆಟ್, ಬಣ್ಣ ಕೆರೆದು ತೆಗೆಯಲು ಸ್ಪ್ಯಾಚುಲಾ, ಒಮ್ಮೆ ಬಳಸಿ ಎಸೆಯುವ ಮಸ್ಕಾರ ಕಡ್ಡಿಗಳು ಮತ್ತು ತುಟಿಬಣ್ಣದ ಬ್ರಶ್‌ಗಳು, ಟಿಶ್ಯೂ, ಹತ್ತಿ, ಕಸ ಹಾಕಲು ಒಂದು ಚೀಲ, ಇಷ್ಟು ಸಾಕು. ಆಲ್ಕೊಹಾಲ್ ಪ್ರಮಾಣ ಹೆಚ್ಚಿದ್ದಷ್ಟೂ ಒಳ್ಳೆಯದೆಂದು ಭಾವಿಸಿ ಶೇಕಡಾ 99ರದನ್ನು ತರುವವರಿದ್ದಾರೆ, ಆದರೆ ಅದು ಕ್ಷಣದಲ್ಲಿ ಆರಿಹೋಗುತ್ತದೆ. ಶೇಕಡಾ 70ರದರಲ್ಲಿರುವ ನೀರಿನ ಅಂಶ ಅದನ್ನು ಸ್ವಲ್ಪ ಹೊತ್ತು ಹಸಿಯಾಗಿಟ್ಟು ಸೂಕ್ಷ್ಮಾಣುಗಳನ್ನು ಕೊಲ್ಲಲು ನೆರವಾಗುತ್ತದೆ. ಅದು ಬೇಗ ಬೆಂಕಿ ಹಿಡಿಯುವ ದ್ರವವಾದ್ದರಿಂದ ದೀಪ, ಊದುಬತ್ತಿ, ಕರ್ಪೂರದ ಹತ್ತಿರ ಸಿಂಪಡಿಸಬಾರದು, ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟುಬರಲೂಬಾರದು.

ಶುಚಿತ್ವದ ಪರೀಕ್ಷೆ ನಡೆಯುವುದು ಮದುಮಗಳ ಅಲಂಕಾರ ಮುಗಿದ ಮೇಲೆ. ಅಲ್ಲಿಯವರೆಗೆ ಬಾಗಿಲ ಬಳಿ ನಿಂತಿದ್ದ ಅಕ್ಕ, ಅತ್ತಿಗೆ, ಚಿಕ್ಕಮ್ಮಂದಿರು ಒಬ್ಬೊಬ್ಬರಾಗಿ ಬಂದು, “ಅಕ್ಕಾರೆ, ನಮಗೂ ಒಂಚೂರು ಹಚ್ರಿ” ಎನ್ನುತ್ತಾರೆ, ಇಲ್ಲವೆನ್ನಲು ಮನಸ್ಸಾಗುವುದಿಲ್ಲ. ಆಗ ಮದುಮಗಳಿಗೆ ಬಳಸಿದ ಮಸ್ಕಾರ ಕಡ್ಡಿಯನ್ನೇ ಟ್ಯೂಬಿಗೆ ಮರಳಿ ಅದ್ದಿ ಇನ್ನೊಬ್ಬರ ರೆಪ್ಪೆಗೆ ಹಚ್ಚಿದರೆ, ಒಬ್ಬರ ಕಣ್ಣಿನ ಸೋಂಕು ಇಡೀ ಮನೆಗೆ ಹರಡಲು ಅಷ್ಟೇ ಸಾಕು. ಲಿಪ್‌ಸ್ಟಿಕ್ಕನ್ನು ನೇರವಾಗಿ ತುಟಿಗೆ ತಾಗಿಸದೆ ಸ್ಪ್ಯಾಚುಲಾದಿಂದ ಚೂರು ಕೆರೆದು ಪ್ಯಾಲೆಟ್ಟಿಗೆ ಹಾಕಿ, ಅಲ್ಲಿಂದ ಬ್ರಶ್ಶಿನಲ್ಲಿ ತೆಗೆದುಕೊಳ್ಳಬೇಕು. ಕಾಡಿಗೆ ಪೆನ್ಸಿಲ್ಲನ್ನು ಪ್ರತಿ ಮುಖಕ್ಕೂ ಹೊಸದಾಗಿ ಚೂಪು ಮಾಡಿ, ತುದಿಗೆ ಆಲ್ಕೊಹಾಲ್ ಸಿಂಪಡಿಸಿ, ಆರಿದ ಮೇಲೆ ಬಳಸಬೇಕು. ಸ್ಪಾಂಜಿನ ಒಳಗಿನ ತನಕ ಯಾವ ದ್ರಾವಣವೂ ಪೂರ್ತಿ ಶುಚಿ ಮಾಡಲಾರದು, ಹಾಗಾಗಿ ಮುಖಕ್ಕೊಂದು ಸ್ಪಾಂಜು ಎಂದು ಲೆಕ್ಕ ಹಾಕಿ, ಅದರ ಬೆಲೆಯನ್ನು ನಿಮ್ಮ ಶುಲ್ಕದಲ್ಲೇ ಸೇರಿಸಿಕೊಳ್ಳಿ.

ಬ್ರಶ್‌ಗಳ ವಿಷಯದಲ್ಲಿ ಇಪ್ಪತ್ತನಾಲ್ಕರ ಸೆಟ್ಟಿನ ಆಸೆ ಬೇಡ. ಫೌಂಡೇಶನ್ನಿಗೆ, ಕಲೆ ಮುಚ್ಚುವ ಕನ್ಸೀಲರಿಗೆ, ಪೌಡರಿಗೆ, ಕೆನ್ನೆಗೆ ಒಂದೊಂದು, ಕಣ್ಣಿಗೆ ಮೂರು ನಾಲ್ಕು, ಹುಬ್ಬಿಗೆ ಒಂದು, ಹೀಗೆ ಹತ್ತರೊಳಗೆ ಕೆಲಸ ಸಾಗುತ್ತದೆ. ಅದೇ ಹತ್ತನ್ನು ಎರಡು ಜೊತೆ ಇಟ್ಟುಕೊಂಡರೆ ಒಂದು ಜೊತೆ ತೊಳೆದು ಆರುವಷ್ಟರಲ್ಲಿ ಇನ್ನೊಂದು ಕೈಯಲ್ಲಿರುತ್ತದೆ. ಸಿಂಥೆಟಿಕ್ ಎಳೆಯ ಬ್ರಶ್ಶು ಕ್ರೀಮನ್ನು ಹೀರಿಕೊಳ್ಳದೆ ಮುಖಕ್ಕೆ ಬಿಟ್ಟುಕೊಡುತ್ತದೆ, ಬೇಗ ಒಣಗುತ್ತದೆ. ತೊಳೆದ ಬ್ರಶ್ಶನ್ನು ಲೋಟದಲ್ಲಿ ನೆಟ್ಟಗೆ ನಿಲ್ಲಿಸಿದರೆ ನೀರು ಹಿಡಿಯೊಳಗೆ ಇಳಿದು ಅಂಟು ಬಿಡುತ್ತದೆ, ಆದ್ದರಿಂದ ಮಲಗಿಸಿ ಒಣಗಿಸಬೇಕು.

ಇನ್ನು ಬಣ್ಣದ ಮಾತು. ಬಳ್ಳಾರಿ, ರಾಯಚೂರು, ಕೊಪ್ಪಳ ಈ ಮೂರು ಜಿಲ್ಲೆಗಳ ಮುಖಗಳಲ್ಲಿ ಗೋಧಿ ಬಣ್ಣದಿಂದ ಎಣ್ಣೆಗಪ್ಪಿನವರೆಗೆ ಎಲ್ಲವೂ ಇದೆ, ಒಂದೇ ಮನೆಯ ಅಕ್ಕತಂಗಿಯರಲ್ಲೇ ಇದೆ. ಹನ್ನೆರಡು ಶೇಡ್ ತರುವ ಅಗತ್ಯವಿಲ್ಲ. ಒಂದು ತಿಳಿ ಹಳದಿ ಛಾಯೆಯದು, ಎರಡು ನಡುವಿನ ಗೋಧಿ ಮತ್ತು ಜೇನು ಬಣ್ಣದವು, ಎರಡು ಗಾಢ ಕಂದು ಬಣ್ಣದವು, ಹೀಗೆ ಐದನ್ನು ಒಂದೇ ಕಂಪನಿಯ ಒಂದೇ ಬಗೆಯಲ್ಲಿ ಕೊಂಡರೆ ಪ್ಯಾಲೆಟ್ಟಿನ ಮೇಲೆ ಬೆರೆಸಿ ಬೇಕಾದ ಬಣ್ಣ ತೆಗೆಯಬಹುದು. ಅಂಗಡಿಗಳಲ್ಲಿ ತಿಳಿ ಶೇಡ್‌ಗಳು ಸುಲಭವಾಗಿ ಸಿಗುತ್ತವೆ, ಗಾಢವಾದವನ್ನು ಹುಡುಕಿ ತರಿಸಬೇಕಾಗುತ್ತದೆ. ಆದರೂ ಅವುಗಳಲ್ಲಿ ಜಿಪುಣತನ ಸಲ್ಲದು. ಮಗಳು ಬೆಳ್ಳಗೆ ಕಾಣಲಿ ಎಂದು ತಾಯಂದಿರು ಒತ್ತಾಯಿಸುವುದುಂಟು. ಅವರೊಡನೆ ವಾದಕ್ಕಿಳಿಯದೆ, ಮದುವೆಗೆ ಮುಂಚೆ ಮೇಕಪ್ ಹಚ್ಚಿ ನೋಡುವ ಟ್ರಯಲ್ ದಿನ ಅರ್ಧ ಮುಖಕ್ಕೆ ಅವರು ಹೇಳಿದ ಬಣ್ಣವನ್ನೂ ಇನ್ನರ್ಧಕ್ಕೆ ಮೈಗೆ ಹೊಂದುವ ಬಣ್ಣವನ್ನೂ ಹಚ್ಚಿ, ಬಾಗಿಲ ಬೆಳಕಿನಲ್ಲಿ ನಿಲ್ಲಿಸಿ, ಕೈಯನ್ನು ಕೆನ್ನೆಯ ಪಕ್ಕಕ್ಕೆ ಹಿಡಿಸಿ ಒಂದು ಫೋಟೊ ತೆಗೆದು ತೋರಿಸುತ್ತೇನೆ. ತಿಳಿ ಬಣ್ಣ ಬಳಿದ ಕಡೆ ಕಪ್ಪು ಚರ್ಮ ಬೂದಿ ಬಳಿದಂತೆ ಕಾಣುವುದು ಆ ಫೋಟೊದಲ್ಲಿ ಯಾರಿಗಾದರೂ ತಿಳಿಯುತ್ತದೆ.

ಕಣ್ಣಿನ ಕೆಳಗಿನ ಕಪ್ಪು ಮತ್ತು ಬಂಗನ್ನು ಮುಚ್ಚಲು ಕನ್ಸೀಲರನ್ನೇ ದಪ್ಪವಾಗಿ ಮೆತ್ತುವುದು ಸಾಮಾನ್ಯ ಅಭ್ಯಾಸ. ನೀಲಿ ಛಾಯೆಯ ಕಪ್ಪನ್ನು ಕಿತ್ತಳೆ ಬಣ್ಣ ಅಡಗಿಸುತ್ತದೆಯಾದ್ದರಿಂದ ಮೊದಲು ತೆಳುವಾಗಿ ಕಿತ್ತಳೆ ಅಥವಾ ಪೀಚ್ ಕರೆಕ್ಟರ್ ತಟ್ಟಿ, ಮೇಲೆ ಕನ್ಸೀಲರ್ ಹಚ್ಚಿದರೆ ಅರ್ಧ ಪ್ರಮಾಣ ಸಾಕಾಗುತ್ತದೆ. ಪೌಡರು ಅಚ್ಚ ಬಿಳಿಯದಾಗಿರಬಾರದು. ಸಿಲಿಕಾ ಹೆಚ್ಚಿರುವ ಬಿಳಿ ಪೌಡರು ಕಣ್ಣಿಗೆ ಕಾಣದಿದ್ದರೂ ಕ್ಯಾಮೆರಾದ ಫ್ಲ್ಯಾಶಿನಲ್ಲಿ ಮುಖದ ಮೇಲೆ ಬಿಳಿ ತೇಪೆಯಾಗಿ ಎದ್ದು ಬರುತ್ತದೆ. ಕೊಳ್ಳುವ ಮೊದಲು ಮುಂಗೈಗೆ ಹಚ್ಚಿಕೊಂಡು, ಮೊಬೈಲಿನ ಫ್ಲ್ಯಾಶ್ ಹಾಕಿ ಚಿತ್ರ ತೆಗೆದು ನೋಡುವುದು ಒಂದು ನಿಮಿಷದ ಕೆಲಸ.

ತರಬೇತಿಗಳಲ್ಲಿ ಯಾರೂ ಹೇಳಿಕೊಡದ, ಆದರೆ ನಮ್ಮ ಕಡೆಯ ಪ್ರತಿ ಮದುವೆಯಲ್ಲೂ ಎದುರಾಗುವ ಸಂಗತಿ ಅರಿಶಿನದ್ದು. ಹಿಂದಿನ ದಿನ ಅರಿಶಿನ ಶಾಸ್ತ್ರ ನಡೆದಿರುತ್ತದೆ, ಬೆಳಗಿನ ಜಾವ ನಾವು ಹೋಗುವಷ್ಟರಲ್ಲಿ ಮದುಮಗಳ ಹಣೆಯ ಅಂಚು, ಕಿವಿಯ ಹಿಂಭಾಗ, ಹುಬ್ಬಿನ ಸಂದು, ಕುತ್ತಿಗೆಯ ಗೆರೆಗಳು ಹಳದಿಯಾಗಿರುತ್ತವೆ, ಕೆನ್ನೆ ಮಾತ್ರ ತೊಳೆದು ತಿಳಿಯಾಗಿರುತ್ತದೆ. ಅದನ್ನು ಹೋಗಲಾಡಿಸಲು ಮನೆಯವರು ಸೋಪು ಹಾಕಿ ಉಜ್ಜುತ್ತಾರೆ. ಸೋಪಿನ ಕ್ಷಾರಕ್ಕೆ ಅರಿಶಿನ ಕೆಂಪಾಗುತ್ತದೆ, ಉಜ್ಜಿದ ಚರ್ಮವೂ ಕೆರಳುತ್ತದೆ. ಅರಿಶಿನದ ಬಣ್ಣದ ಅಂಶವಾದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯ ಅಂಶದಲ್ಲಿ ಬಿಡುತ್ತದೆ. ಆದ್ದರಿಂದ ಮೇಕಪ್ ತೆಗೆಯಲು ಬಳಸುವ ಕ್ಲೆನ್ಸಿಂಗ್ ಬಾಮ್ ಅಥವಾ ಸ್ವಲ್ಪ ಕೊಬ್ಬರಿ ಎಣ್ಣೆಯನ್ನು ಹತ್ತಿಯಲ್ಲಿ ತೆಗೆದುಕೊಂಡು, ಒತ್ತದೆ, ಕೂದಲಂಚಿನಿಂದ ಕೆಳಮುಖವಾಗಿ ಒರೆಸಬೇಕು. ಹತ್ತಿ ಹಳದಿಯಾದಂತೆ ಬದಲಿಸುತ್ತ ಬಂದರೆ ಮೂರು ನಾಲ್ಕು ಸುತ್ತಿನಲ್ಲಿ ಬಹುಪಾಲು ಇಳಿಯುತ್ತದೆ. ಆಮೇಲೆ ಮೃದುವಾದ ಫೇಸ್‌ವಾಶಿನಿಂದ ಎಣ್ಣೆಯ ಜಿಡ್ಡನ್ನು ಪೂರ್ತಿ ತೆಗೆಯದಿದ್ದರೆ ಫೌಂಡೇಶನ್ ಜಾರುತ್ತದೆ. ಎಷ್ಟು ಮಾಡಿದರೂ ಕುತ್ತಿಗೆಯಲ್ಲಿ ತುಸು ಹಳದಿ ಉಳಿಯುತ್ತದೆ, ಹೀಗಾಗಿ ಟ್ರಯಲ್ ದಿನ ಬರೆದಿಟ್ಟ ಬಣ್ಣದ ಮಿಶ್ರಣವನ್ನು ಮದುವೆಯ ದಿನ ಕಣ್ಣು ಮುಚ್ಚಿ ಬಳಸಲಾಗದು. ದವಡೆಯಿಂದ ಕುತ್ತಿಗೆಗೆ ಒಂದು ಗೆರೆ ಎಳೆದು, ಹತ್ತು ನಿಮಿಷ ಬಿಟ್ಟು, ಬಣ್ಣ ಗಾಳಿಗೆ ಗಾಢವಾಗುವುದನ್ನೂ ಗಮನಿಸಿ, ಬೇಕಿದ್ದರೆ ಹಳದಿ ಛಾಯೆಯದನ್ನು ಒಂದು ಹನಿ ಹೆಚ್ಚಿಸಬೇಕು.

ಬಾಸಿಂಗವೂ ಹಾಗೆಯೇ. ಹಣೆಗೆ ಬಿಗಿದ ಬಾಸಿಂಗದ ದಾರ ಗಂಟೆಗಟ್ಟಲೆ ಉಜ್ಜುವ ಜಾಗದಲ್ಲಿ ಮೇಕಪ್ ಪದರ ದಪ್ಪವಾಗಿದ್ದರೆ ಅದು ಕಿತ್ತು ಬರುತ್ತದೆ. ಹಣೆಗೆ ತೆಳುವಾಗಿ ಹಚ್ಚಿ, ಪಫ್ ಒತ್ತಿ ಪೌಡರ್ ಕೂರಿಸಿ, ಮೇಕಪ್ ಕದಲದಂತೆ ಹಿಡಿದಿಡುವ ಸೆಟ್ಟಿಂಗ್ ಸ್ಪ್ರೇ ಸಿಂಪಡಿಸಿ, ಅದು ಆರಿದ ಮೇಲಷ್ಟೇ ಕಟ್ಟಲು ಹೇಳಬೇಕು.

ನಮ್ಮದು ಒಣ ಬಿಸಿಲು. ಕರಾವಳಿಯಲ್ಲಿ ಬೆವರು ಮುಖದ ಮೇಲೆಯೇ ನಿಲ್ಲುತ್ತದೆ. ಇಲ್ಲಿ ಬೆವರಿದ್ದು ಬೇಗ ಆರಿ, ಚರ್ಮ ಬಿಗಿದು, ಅದರ ಮೇಲಿನ ಪೌಡರು ಬೇಸಿಗೆಯ ಎರೆಹೊಲದಂತೆ ಬಿರುಕು ಬಿಡುತ್ತದೆ. ಬೆವರಿನ ಭಯದಿಂದ ಮಾಯಿಶ್ಚರೈಸರ್ ಬಿಟ್ಟು ಪೌಡರಿನ ಮೇಲೆ ಪೌಡರ್ ಹಾಕಿದಷ್ಟೂ ಈ ಬಿರುಕು ಹೆಚ್ಚುತ್ತದೆ. ಜೆಲ್ ರೂಪದ ಹಗುರ ಮಾಯಿಶ್ಚರೈಸರ್, ಫೌಂಡೇಶನ್ನಿನ ಕೆಳಗೆ ಹಚ್ಚುವ, ಅದರ ಗುಣಕ್ಕೆ ಹೊಂದುವ ಪ್ರೈಮರ್, ತೆಳುವಾದ ಪದರಗಳು, ನಡುವೆ ಸೆಟ್ಟಿಂಗ್ ಸ್ಪ್ರೇ, ಇದು ನಾನು ಅನುಸರಿಸುವ ಕ್ರಮ. ಸಿಲಿಕೋನ್ ಪ್ರೈಮರಿನ ಮೇಲೆ ನೀರಿನ ಅಂಶದ ಫೌಂಡೇಶನ್ ಹಚ್ಚಿದರೆ ಎರಡೂ ಬೆರೆಯದೆ ಗುಳ್ಳೆಗುಳ್ಳೆಯಾಗಿ ಎದ್ದುಬರಬಹುದು, ಹಾಗಾಗಿ ಎರಡನ್ನೂ ಕೊಳ್ಳುವ ಮುನ್ನ ಕೈಮೇಲೆ ಬೆರೆಸಿ ನೋಡಬೇಕು. ಧಾರೆಯ ಹೊತ್ತಿಗೆ ಬೆವರು ಬಂದರೆ ಟಿಶ್ಯೂವನ್ನು ಒತ್ತಿ ತೆಗೆಯಬೇಕು, ಒರೆಸಬಾರದು. ಮದುಮಗಳ ಜೊತೆ ಕೂರುವ ತಂಗಿಗೋ ಗೆಳತಿಗೋ ಇದನ್ನು ತೋರಿಸಿಕೊಟ್ಟು, ನಾಲ್ಕು ಟಿಶ್ಯೂ ಕೈಗಿಟ್ಟು ಬರುವುದು ನಮ್ಮ ಕೆಲಸದ ಭಾಗವೇ. ಲಿಪ್‌ಸ್ಟಿಕ್, ಕ್ರೀಮುಗಳು ಬಿಸಿಲಿಗೆ ಕರಗುತ್ತವೆ. ಐಸ್ ಪ್ಯಾಕ್ ಇಟ್ಟ ಸಣ್ಣ ಕೂಲರ್ ಚೀಲ ದುಬಾರಿಯಲ್ಲ, ಬಸ್ಸಿನಲ್ಲಿ ಓಡಾಡುವವರಿಗಂತೂ ಅದು ತೀರ ಅವಶ್ಯ. ಕಲ್ಯಾಣ ಮಂಟಪದ ಕೋಣೆಯಲ್ಲಿ ಒಂದೇ ಟ್ಯೂಬ್‌ಲೈಟ್ ಇರುವುದು, ಅದೂ ಕರೆಂಟ್ ಹೋದಾಗ ಆರುವುದು ಸಾಮಾನ್ಯ. ಆದ್ದರಿಂದ ಚಾರ್ಜ್ ಮಾಡಬಹುದಾದ, ಹಗಲಿನ ಬೆಳಕಿಗೆ ಹತ್ತಿರವಾದ 5000 ಕೆಲ್ವಿನ್ ಸುಮಾರಿನ ದೀಪವೊಂದು ಮೊದಲ ಖರೀದಿಯಲ್ಲೇ ಇರಲಿ.

ಕೊಳ್ಳುವಾಗ ಡಬ್ಬಿಯ ಹಿಂಭಾಗ ಓದದೆ ಹಣ ಕೊಡಬೇಡಿ. 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ದೇಶದಲ್ಲಿ ತಯಾರಾದ ವಸ್ತುವಿನ ಮೇಲೆ ತಯಾರಿಕಾ ಪರವಾನಗಿ ಸಂಖ್ಯೆ, ಹೊರದೇಶದಿಂದ ಬಂದದ್ದರ ಮೇಲೆ ಆಮದು ನೋಂದಣಿ ಸಂಖ್ಯೆ ಇರಬೇಕು. ದೊಡ್ಡ ಹೆಸರಿನ ಕಂಪನಿಯ ಐಶ್ಯಾಡೊ ಪ್ಯಾಲೆಟ್ ಕಾಲುಭಾಗ ಬೆಲೆಗೆ ಸಿಕ್ಕು, ಈ ಸಂಖ್ಯೆಗಳಾವುವೂ ಅದರ ಮೇಲಿಲ್ಲವಾದರೆ ಅದು ನಕಲಿ ಮಾಲು ಎಂದು ತಿಳಿದು ಬಿಟ್ಟುಬಿಡಿ, ಅದು ಹೋಗುವುದು ಇನ್ನೊಬ್ಬರ ಕಣ್ಣಿನ ಹತ್ತಿರಕ್ಕೆ. ತೆರೆದ ಡಬ್ಬಿಯ ಚಿತ್ರದೊಳಗೆ 6 ಅಥವಾ 12 ಎಂದು ಬರೆದಿರುವುದು, ಮುಚ್ಚಳ ತೆಗೆದ ಮೇಲೆ ಅಷ್ಟು ತಿಂಗಳು ಬಳಸಬಹುದು ಎಂಬುದರ ಸೂಚನೆ. ಮಸ್ಕಾರ ಮತ್ತು ದ್ರವ ಐಲೈನರನ್ನು ನಾನು ಮೂರು ತಿಂಗಳಿಗೆ ಎಸೆಯುತ್ತೇನೆ. ಆಷಾಢದಲ್ಲಿ ಮದುವೆಗಳಿರುವುದಿಲ್ಲವಾದ್ದರಿಂದ ಅದರ ಹಿಂದುಮುಂದು ದ್ರವ ಪದಾರ್ಥಗಳ ದೊಡ್ಡ ಬಾಟಲಿ ತೆರೆಯುವುದು ನಷ್ಟದ ಬಾಬತ್ತು.

ಟ್ರಯಲ್ ದಿನವೇ ಫೌಂಡೇಶನ್ ಮತ್ತು ಕೃತಕ ರೆಪ್ಪೆ ಅಂಟಿಸುವ ಅಂಟನ್ನು ಕಿವಿಯ ಹಿಂದೆ ಅಥವಾ ಮುಂದೋಳಿನ ಒಳಭಾಗಕ್ಕೆ ಹಚ್ಚಿ, 24ರಿಂದ 48 ಗಂಟೆ ಕಾದು ತಿಳಿಸಲು ಹೇಳಿ. ಆ ಅಂಟಿನಲ್ಲಿರುವ ಲ್ಯಾಟೆಕ್ಸ್ ಎಂಬ ರಬ್ಬರಿನ ಅಂಶ ಒಗ್ಗದವರಿಗಾಗಿ ಅದಿಲ್ಲದ ಅಂಟಿನ ಒಂದು ಸಣ್ಣ ಟ್ಯೂಬ್ ಇಟ್ಟುಕೊಳ್ಳಿ. ಬೆಳ್ಳಗಾಗಲೆಂದು ಬೀಟಾಮೆಥಾಸೋನ್, ಕ್ಲೋಬೆಟಾಸೋಲ್‌ನಂಥ ಸ್ಟೀರಾಯ್ಡ್ ಬೆರೆತ ಮುಲಾಮನ್ನು ವೈದ್ಯರ ಚೀಟಿಯಿಲ್ಲದೆ ತಿಂಗಳುಗಟ್ಟಲೆ ಹಚ್ಚಿಕೊಂಡ ಹುಡುಗಿಯರು ಈಗ ಬಹಳ ಬರುತ್ತಾರೆ. ಚರ್ಮ ತೆಳ್ಳಗಾಗಿ, ಕೆಂಪಾಗಿ, ಸಣ್ಣ ರಕ್ತನಾಳಗಳು ಕಾಣುತ್ತಿದ್ದು, ನೀರು ತಾಗಿದರೂ ಉರಿಯುತ್ತದೆ ಎನ್ನುವ ಮುಖಕ್ಕೆ ಬಣ್ಣ ಹಚ್ಚುವ ಮೊದಲು ಚರ್ಮವೈದ್ಯರಿಗೆ ತೋರಿಸಬೇಕೆಂದು ಮನೆಯವರಿಗೆ ಸ್ಪಷ್ಟವಾಗಿ ಹೇಳಿ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. ಮುಲಾಮನ್ನು ಥಟ್ಟನೆ ನಿಲ್ಲಿಸಿದರೆ ಮುಖ ಇನ್ನಷ್ಟು ಕೆರಳಬಹುದಾದ್ದರಿಂದ ಆ ಸಲಹೆಯನ್ನೂ ವೈದ್ಯರೇ ಕೊಡಬೇಕು.

ಹಣದ ಬಗ್ಗೆ ಕೊನೆಯದಾಗಿ. ಸಣ್ಣ ಉದ್ಯಮಗಳಿಗೆ ಸಾಲ ಕೊಡಿಸುವ ಕೇಂದ್ರ ಸರ್ಕಾರದ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಸಾಲ ಸಿಗುತ್ತದೆಂದು ಅಷ್ಟನ್ನೂ ಒಂದೇ ಸಲ ಬಣ್ಣಕ್ಕೆ ಸುರಿಯಬೇಡಿ. ಫೌಂಡೇಶನ್ ಸಿಂಪಡಿಸುವ ಏರ್‌ಬ್ರಶ್ ಯಂತ್ರ, ಬಣ್ಣಬಣ್ಣದ ಗ್ಲಿಟರ್, ನೂರು ಶೇಡಿನ ಐಶ್ಯಾಡೊ ಪ್ಯಾಲೆಟ್ ಇವೆಲ್ಲ ಎರಡನೆಯ ವರ್ಷಕ್ಕೆ ಇರಲಿ. ಮೊದಲ ಸೀಸನ್ನಿನಲ್ಲಿ ಒಂದು ನೋಟ್‌ಬುಕ್ ಇಟ್ಟು, ಪ್ರತಿ ವಸ್ತುವನ್ನು ತೆರೆದ ದಿನಾಂಕ, ಮುಗಿದ ದಿನಾಂಕ, ಯಾರ ಮುಖಕ್ಕೆ ಯಾವ ಎರಡು ಶೇಡ್ ಎಷ್ಟೆಷ್ಟು ಬೆರೆಸಿದಿರಿ ಎಂಬುದನ್ನು ಬರೆಯುತ್ತ ಹೋಗಿ. ಆಷಾಢದಲ್ಲಿ ಬಿಡುವಾಗಿ ಕೂತು ಆ ಪುಟಗಳನ್ನು ತಿರುವಿ, ಎರಡು ಸಲ ಮುಗಿದದ್ದನ್ನು ದೊಡ್ಡ ಅಳತೆಯಲ್ಲಿ ತರಿಸಿ, ದಿನಾಂಕವೇ ಬೀಳದ ವಸ್ತುವನ್ನು ಪಟ್ಟಿಯಿಂದ ಹೊಡೆದುಹಾಕಿ.