ಲಕ್ಸೆಂಬರ್ಗಿನ ಆ ಒಂದು ಮತ

ಇಂದಿನ ಐರೋಪ್ಯ ಒಕ್ಕೂಟದ ಮೊದಲ ರೂಪವಾದ ಐರೋಪ್ಯ ಆರ್ಥಿಕ ಸಮುದಾಯ ಕಣ್ಣುಬಿಟ್ಟ 1958ರಲ್ಲಿ, ಅದರ ಮಂತ್ರಿಗಳ ಮಂಡಳಿಯಲ್ಲಿ ಜರ್ಮನಿ, ಫ್ರಾನ್ಸ್, ಇಟಲಿಗೆ ತಲಾ 4 ಮತ. ಬೆಲ್ಜಿಯಂ, ನೆದರ್‌ಲ್ಯಾಂಡ್ಸ್‌ಗೆ ತಲಾ 2. ಪುಟ್ಟ ಲಕ್ಸೆಂಬರ್ಗಿಗೆ 1. ಒಟ್ಟು 17. ಬಹುಮತದಿಂದ ತೀರ್ಮಾನವಾಗುವ ವಿಷಯದಲ್ಲಿ, ಸಮುದಾಯದ ಕಾರ್ಯಾಂಗವಾದ ಆಯೋಗ ತಂದ ಪ್ರಸ್ತಾವ ಪಾಸಾಗಲು 12 ಬೇಕು.

ಪೆನ್ಸಿಲ್ ಹಿಡಿದು ಕೂಡಿ ನೋಡಿ. ಉಳಿದ ಐವರದೂ ಸಮಸಂಖ್ಯೆ. ಯಾರು ಯಾರೊಡನೆ ಸೇರಿದರೂ ಮೊತ್ತ 10 ಆದೀತು, 12 ಆದೀತು, 11 ಮಾತ್ರ ಆಗದು. 12 ಆದರೆ ಲಕ್ಸೆಂಬರ್ಗಿನ ಮತ ಬೇಕಿಲ್ಲ. 10 ಆದರೆ ಅದು ಸೇರಿಯೂ ಸಾಲದು. ಕೈ ಎತ್ತಿದರೂ ಒಂದೇ, ಇಳಿಸಿದರೂ ಒಂದೇ!

1973ರಲ್ಲಿ ಬ್ರಿಟನ್, ಐರ್ಲೆಂಡ್, ಡೆನ್ಮಾರ್ಕ್ ಸೇರಿದವು. ದೊಡ್ಡ ನಾಲ್ವರಿಗೆ ತಲಾ 10, ಲಕ್ಸೆಂಬರ್ಗಿಗೆ 2, ಒಟ್ಟು 58, ಗೆಲ್ಲಲು 41. ಲಕ್ಸೆಂಬರ್ಗಿನ ಪಾಲು ಕುಗ್ಗಿತು, ಬಲ ಮಾತ್ರ ಹುಟ್ಟಿತು. ನಾಲ್ವರು ದೊಡ್ಡವರು ಒಟ್ಟಾದರೂ 40 ಮಾತ್ರ. ಇನ್ನೊಬ್ಬರು ಬೇಕೇ ಬೇಕು, ಆ ಇನ್ನೊಬ್ಬರು ಲಕ್ಸೆಂಬರ್ಗೇ ಆಗಬಹುದು. ಒಪ್ಪಂದದ ಕರಡು ಓದುವಾಗ ನಾನು ಮೊದಲು ಹುಡುಕುವುದು ಇದನ್ನೇ: ಯಾರಿಗೆ ಎಷ್ಟು ಮತ ಎಂಬುದಲ್ಲ, ಯಾರ ಮತದಿಂದ ಫಲಿತಾಂಶ ಬದಲಾದೀತು ಎಂಬುದು.

ಮುಂದೆ ಒಕ್ಕೂಟದ ಮತಗಳನ್ನು ಮತ್ತೆ ಹಂಚಿದ, 2001ರಲ್ಲಿ ಸಹಿಯಾದ ನೀಸ್ ಒಪ್ಪಂದದ ಲೆಕ್ಕದಲ್ಲಿ ಜರ್ಮನಿಗೆ 29 ಮತ, ಅದರ ಅರ್ಧದಷ್ಟೂ ಜನರಿಲ್ಲದ ಪೋಲೆಂಡಿಗೆ 27. ಇದನ್ನು ಬದಲಿಸಲು ಹೊರಟಾಗ, 2007ರಲ್ಲಿ ಪೋಲೆಂಡ್ ಒಂದು ಗಣಿತ ಮುಂದಿಟ್ಟಿತು: ಜನಸಂಖ್ಯೆಯ ವರ್ಗಮೂಲಕ್ಕೆ ತಕ್ಕಂತೆ ಮತ ಕೊಡಿ. ಬ್ರಿಟಿಷ್ ವಿಜ್ಞಾನಿ ಲಯನೆಲ್ ಪೆನ್‌ರೋಸ್ 1946ರಲ್ಲೇ ಹೇಳಿದ್ದ ಮಾತಿದು. ನೂರು ಮತದಾರರ ಹಳ್ಳಿ, ಹತ್ತು ಸಾವಿರ ಮತದಾರರ ಪಟ್ಟಣ ಎಂದುಕೊಳ್ಳಿ. ಎರಡು ಕಡೆಗೂ ಸಮಬಲ ಬಂದು ನಿಮ್ಮೊಬ್ಬರ ಮತವೇ ನಿರ್ಣಾಯಕವಾಗುವ ಸಾಧ್ಯತೆ ಪಟ್ಟಣದಲ್ಲಿ ನೂರು ಪಟ್ಟು ಕಡಿಮೆ ಅನಿಸುತ್ತದೆ. ಲೆಕ್ಕ ಹಾಕಿದರೆ ಹತ್ತು ಪಟ್ಟು ಮಾತ್ರ ಕಡಿಮೆ. ಹಾಗಾಗಿ ಪಟ್ಟಣದ ಪ್ರತಿನಿಧಿಗೆ ಹತ್ತು ಪಟ್ಟು ಬಲ ಕೊಟ್ಟರೆ ಸಾಕು, ಇಬ್ಬರು ಮತದಾರರೂ ಸಮಾನರು. ನನಗಂತೂ ಇದು ನ್ಯಾಯದ ಲೆಕ್ಕವೇ. ಉಳಿದ ದೇಶಗಳು ಒಪ್ಪಲಿಲ್ಲ.

2007ರ ಡಿಸೆಂಬರಿನಲ್ಲಿ ಸಹಿಯಾದ ಲಿಸ್ಬನ್ ಒಪ್ಪಂದ, ಐರ್ಲೆಂಡ್ ಒಮ್ಮೆ ತಿರಸ್ಕರಿಸಿ ಆಮೇಲೆ ಒಪ್ಪಿದ ಬಳಿಕ, 2009ರ ಡಿಸೆಂಬರ್ 1ರಂದು ಜಾರಿಗೆ ಬಂತು. ಐರೋಪ್ಯ ಸಂಸತ್ತಿನ ಅಧಿಕಾರ ಹೆಚ್ಚಿತು, ದೇಶಗಳ ನಾಯಕರು ಸೇರುವ ಐರೋಪ್ಯ ಪರಿಷತ್ತಿಗೆ ಎರಡೂವರೆ ವರ್ಷದ ಅಧ್ಯಕ್ಷರು ಬಂದರು. ಮಂಡಳಿಯಲ್ಲಿ ಮತಗಳ ಪಟ್ಟಿಯೇ ಹೋಯಿತು: ಪ್ರಸ್ತಾವ ಪಾಸಾಗಲು ಶೇ. 55ರಷ್ಟು ದೇಶಗಳು, ಅವುಗಳಲ್ಲಿ ಒಕ್ಕೂಟದ ಶೇ. 65ರಷ್ಟು ಜನ. ತಡೆಯಲು ಕನಿಷ್ಠ ನಾಲ್ಕು ದೇಶ ಬೇಕು, ದೊಡ್ಡ ಮೂವರು ಸೇರಿ ಅಡ್ಡಗಾಲು ಹಾಕಬಾರದಲ್ಲ! ಪೋಲೆಂಡಿಗೆ ದಕ್ಕಿದ್ದು ಕಾಲಾವಕಾಶ: ಹೊಸ ಲೆಕ್ಕ 2014ರ ನವೆಂಬರಿನಿಂದ, ಹಳೆಯದನ್ನು ಕೇಳುವ ಹಕ್ಕು 2017ರ ಮಾರ್ಚ್‌ವರೆಗೆ.

ಮೊದಲೆಲ್ಲ ಹೊಸ ದೇಶ ಬಂದಾಗ ಮತಗಳಿಗಾಗಿ ಚೌಕಾಸಿ ನಡೆಯಬೇಕಿತ್ತು. ಈಗ ಜನಗಣನೆಯೇ ಪಾಲು ತಿದ್ದುತ್ತದೆ. 2020ರಲ್ಲಿ ಬ್ರಿಟನ್ ಹೊರನಡೆದಾಗ, ಮಂಡಳಿಯ ಜನಸಂಖ್ಯೆಯ ಲೆಕ್ಕದಲ್ಲಿ ಜರ್ಮನಿಯ ಪಾಲು ಸುಮಾರು ಶೇ. 16ರಿಂದ 18ಕ್ಕೇರಿತು. ಅದಕ್ಕಾಗಿ ಯಾರೂ ಹೊಸ ಒಪ್ಪಂದಕ್ಕೆ ಸಹಿ ಹಾಕಬೇಕಾಗಲಿಲ್ಲ.