ಆ 7.6 ವಾಟ್ ಎಲ್ಲಿ ಹೋಯಿತು?

ಮಾರ್ಚ್ ತಿಂಗಳ ಮಧ್ಯಾಹ್ನ. ಅಣ್ಣಿಗೇರಿ ದಾರಿಯಲ್ಲಿ ಕಡಲೆ ಕಿತ್ತು ಖಾಲಿಯಾಗಿದ್ದ ಎರೆ ಹೊಲ. ತಂಗಿಯ ಮಗ ಹಾರಿಸುತ್ತಿದ್ದ ಮಾಡೆಲ್ ವಿಮಾನ ಆರನೇ ನಿಮಿಷಕ್ಕೆ ಒಂದೇ ಕಡೆ ವಾಲಿತು. ‘ಮಾಮಾ, ಮಾತು ಕೇಳವಲ್ದು!’ ಎಂದು ಕೂಗಿದ. ಅಷ್ಟರಲ್ಲಿ ಅದರ ಮೂತಿ ಮಣ್ಣಿನಲ್ಲಿ ನಾಟಿತ್ತು.

ಓಡಿಹೋಗಿ ಎತ್ತಿಕೊಂಡೆವು. ಬ್ಯಾಟರಿ ಬರೀ ಬೆಚ್ಚಗಿತ್ತು. ಮೋಟಾರಿನ ವೇಗ ನೋಡಿಕೊಳ್ಳುವ ಇಎಸ್‌ಸಿ ಮೇಲೆ ಬೆರಳಿಟ್ಟರೆ ಚುರ್ ಎಂದಿತು. ಅದರ ಪ್ಲಾಸ್ಟಿಕ್ ಹೊದಿಕೆ ಒಂದು ಮೂಲೆಯಲ್ಲಿ ಸುಕ್ಕಾಗಿತ್ತು. ತಣ್ಣಗಾದ ಮೇಲೆ ಬ್ಯಾಟರಿ ಜೋಡಿಸಿದರೆ ಸರ್ವೋಗಳು, ಅಂದರೆ ರೆಕ್ಕೆ-ಬಾಲದ ಪಟ್ಟಿಗಳನ್ನು ತಿರುಗಿಸುವ ಪುಟ್ಟ ಮೋಟಾರುಗಳು, ಮೊದಲಿನಂತೆಯೇ ಆಡಿದವು!

ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯ ಒಂದು ಸೆಲ್ ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್. ನಮ್ಮದು ಮೂರು ಸೆಲ್ಲಿನದು, ಅಂದರೆ 12.6. ಮೋಟಾರಿಗೆ ಅದು ಬೇಕು. ಆದರೆ ರಿಮೋಟಿನ ಸಂಕೇತ ಹಿಡಿಯುವ ರಿಸೀವರ್ ಮತ್ತು ಸರ್ವೋಗಳಿಗೆ 5 ವೋಲ್ಟ್ ಸಾಕು. ಅದನ್ನು ಇಳಿಸಿ ಕೊಡುವ ರೆಗ್ಯುಲೇಟರ್ ಇಎಸ್‌ಸಿ ಒಳಗೇ ಇತ್ತು. ಅದು ಲೀನಿಯರ್ ಜಾತಿಯದು. ಜಾಸ್ತಿಯಾದ ವೋಲ್ಟೇಜನ್ನು ಸುಮ್ನೆ ಬಿಸಿಯಾಗಿ ಸುಟ್ಟುಬಿಡುತ್ತದೆ. ನಾಲ್ಕು ಸರ್ವೋ ಸೇರಿ 1 ಆಂಪಿಯರ್ ಎಳೆದವು ಅನ್ನಿ. ಸರ್ವೋಗಳಿಗೆ ಸಿಕ್ಕಿದ್ದು 5 ವಾಟ್, ಬಿಸಿಯಾಗಿ ಹೋಗಿದ್ದು 7.6 ವಾಟ್. ಉಗುರಿನಷ್ಟು ದೊಡ್ಡ ರೆಗ್ಯುಲೇಟರ್ ಚಿಪ್‌ಗೆ, ಅದೂ ಗಾಳಿಯಾಡದ ಥರ್ಮಾಕೋಲ್ ಹೊಟ್ಟೆಯೊಳಗೆ, ಇದು ದೊಡ್ಡ ಹೊರೆ ಅಲ್ವಾ? ಮಿತಿ ಮೀರಿದಾಗ ಚಿಪ್ ತನ್ನನ್ನು ಉಳಿಸಿಕೊಳ್ಳಲು ತಾನೇ ಬಂದ್ ಆಗುತ್ತದೆ. ತಣಿದ ಮೇಲೆ ಮತ್ತೆ ಚಾಲೂ. ನೆಲದ ಮೇಲೆ ಇದು ಒಳ್ಳೆಯ ಗುಣ, ಆಕಾಶದಲ್ಲಿ ಅಲ್ಲ.

ಎರಡು ಸೆಲ್ಲಿನ ಬ್ಯಾಟರಿ ಹಾಕಿದ್ದರೆ ಬಿಸಿ 3.4 ವಾಟ್‌ಗೆ ಇಳಿಯುತ್ತಿತ್ತು. ಆದರೆ ವೋಲ್ಟೇಜ್ ಇಳಿದರೆ ಮೋಟಾರಿನ ಸುತ್ತೂ ಇಳಿಯುತ್ತದೆ, ವಿಮಾನ ಏಳುವುದೇ ಕಷ್ಟ. ಎರಡು ಸೆಲ್ಲಿನ ಬೇರೆ ಲಿಪೋ ಬ್ಯಾಟರಿಯನ್ನು ರಿಸೀವರಿಗೆ ನೇರವಾಗಿ ಕೊಡುವವರೂ ಇದ್ದಾರೆ. ಅದು 8.4 ವೋಲ್ಟ್‌ವರೆಗೆ ಹೋಗುತ್ತದೆ. 6 ವೋಲ್ಟ್‌ನ ಸಾದಾ ಸರ್ವೋ ಅದಕ್ಕೆ ಸುಟ್ಟುಹೋಗಬಹುದು. ಹೈ ವೋಲ್ಟೇಜ್ ಸರ್ವೋ ಇದ್ದರೆ ಮಾತ್ರ ಆ ದಾರಿ.

ನಾನು ಸ್ವಿಚಿಂಗ್ ರೆಗ್ಯುಲೇಟರ್ ತಂದೆ. ಇದು ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಹಚ್ಚಿ ಆರಿಸುತ್ತದೆ, ಕಾಯಿಲ್ ಮತ್ತು ಕೆಪಾಸಿಟರ್ ಅದನ್ನು ಸಮ ಮಾಡುತ್ತವೆ. ನೂರಕ್ಕೆ 90ರಷ್ಟು ಕೆಲಸಕ್ಕೆ ಬಂದರೆ ಅದೇ 5 ವಾಟ್‌ಗೆ ಬಿಸಿ 0.6 ವಾಟ್‌ಗೂ ಕಡಿಮೆ. ರೇಡಿಯೋಗೆ ಅಡ್ಡಿಯಾಗುವ ಗದ್ದಲ ಸ್ವಲ್ಪ ಇರುತ್ತದೆ, ಹಾಗಾಗಿ ರಿಸೀವರಿನ ಆಂಟೆನಾದಿಂದ ದೂರ ಇಟ್ಟೆ. ಇಎಸ್‌ಸಿಯಿಂದ ರಿಸೀವರಿಗೆ ಹೋಗುವ ಮೂರು ತಂತಿಗಳಲ್ಲಿ ಹಳೆಯ ರೆಗ್ಯುಲೇಟರಿನ 5 ವೋಲ್ಟ್ ಒಯ್ಯುವ ಕೆಂಪನ್ನು ಕನೆಕ್ಟರಿನಿಂದ ಹೊರಗೆಳೆದು ಟೇಪ್ ಸುತ್ತಿದೆ. ಇಲ್ಲದಿದ್ದರೆ ಎರಡು ರೆಗ್ಯುಲೇಟರುಗಳು ಒಂದೇ ಸಾಲಿನಲ್ಲಿ ಜಗಳಾಡುತ್ತವೆ. ಪ್ರೊಪೆಲ್ಲರ್ ಬಿಚ್ಚಿಟ್ಟು ಹುಡುಗ ಹತ್ತು ನಿಮಿಷ ರಿಮೋಟಿನ ಕಡ್ಡಿಗಳನ್ನು ಮೂಲೆಯಿಂದ ಮೂಲೆಗೆ ತಿರುವಿದ. ನಾನು ರೆಗ್ಯುಲೇಟರ್ ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದೆ.